ಹತ್ತು ಮಕ್ಕಳಿಗಾಗಿ ಹಾಕಿದ ಜಾಹೀರಾತು

ವಿಶಾಖಪಟ್ಟಣ,
ನವೆಂಬರ್ ೧೬, ಭಾನುವಾರ

ಗಗನಾಳ ಅಪ್ಪಾಜಿಗೆ ಬಿಂದುವಿನ ನಮಸ್ಕಾರಗಳು.

ಹೇಗಿದ್ದೀರಿ? ಹೆಸರು ಹಿಡಿದು 'ಪ್ರೀತಿಯ ಧನಂಜಯ' ಎಂದು ಬರೆ ಅಂತ ಹೋಗುವಾಗ ಹೇಳಿದ್ದಿರಿ. ಬರೆದು ನೋಡಿದೆ. ಬ್ಯಾಂಕಿನ ನೋಟೀಸಿನ ಹಾಗೆ ಕಂಡಿತು, ಹಾಳೆ ಹರಿದು ಬೇರೆ ತೆಗೆದುಕೊಂಡೆ. ನಿಮ್ಮ ಬೆನ್ನುನೋವು ಈಗ ಹೇಗಿದೆ? ಹಡಗಿನ ಆ ಕಿರಿದಾದ ಮಂಚದಲ್ಲಿ ಮಗ್ಗಲು ಬದಲಿಸುವಾಗ ಹುಷಾರು. ಮುಲಾಮು ಮುಗಿದಿದ್ದರೆ ಡಾಕ್ಟರನ್ನು ಕೇಳಿ, ಸುಮ್ಮನೆ ಸಹಿಸಿಕೊಂಡು ಕೂರಬೇಡಿ. ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮೊದಲ ವಾರವೇ ಮೆಸ್ಸಿನವರಿಗೆಲ್ಲ ಹಂಚಿ ಮುಗಿಸಿರುತ್ತೀರಿ, ನನಗೆ ಗೊತ್ತು. ಈ ಪತ್ರದ ಜೊತೆ ಇನ್ನೊಂದು ಡಬ್ಬಿ ಕಳಿಸುತ್ತಿದ್ದೇನೆ. ಪಕ್ಕದ ಕ್ವಾರ್ಟರ್ಸಿನ ಗಿರೀಶ್ ಇವತ್ತು ಮಧ್ಯಾಹ್ನದ ವಿಮಾನಕ್ಕೆ ಹೊರಟಿದ್ದಾರೆ. ನಿಮ್ಮ ಹಡಗು ಮುಂದೆ ನಿಲ್ಲುವ ಬಂದರಿನಲ್ಲೇ ಅವರು ಹತ್ತುವುದಂತೆ. ಟಪಾಲಿಗೆ ಹಾಕಿ ಕಾಯುವುದಕ್ಕಿಂತ ಇದೇ ವಾಸಿ ಎಂದು ಬೆಳಗ್ಗೆಯಿಂದ ಕೂತು ಬರೆಯುತ್ತಿದ್ದೇನೆ. ನಾವಿಬ್ಬರೂ ಆರಾಮ. ಗಗನಾಳ ಮುಂದಿನ ಹಲ್ಲು ಬಿತ್ತು. ಅಪ್ಪಾಜಿಗೆ ಏನು ಹೇಳಲಿ ಎಂದರೆ 'ಪನ್ನು ಊಡಿಂದಿ ಅನಿ ಚೆಪ್ಪು' ಎಂದಳು. ಹಲ್ಲು ಬಿದ್ದ ಸುದ್ದಿಯೂ ತೆಲುಗಿನಲ್ಲೇ ಬರಬೇಕು ನೋಡಿ ನಮ್ಮ ಮನೆಯಲ್ಲಿ.

ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಕೇಳಬೇಕೆಂದಿರುವ ಸುದ್ದಿಯೂ ಅದೇ ತಾನೇ, ನನ್ನ ಆನ್‌ಲೈನ್ ಕನ್ನಡ ಕ್ಲಾಸು ಏನಾಯಿತು ಅಂತ. ಬೇಸಿಗೆಯಲ್ಲಿ ಗದಗಿಗೆ ಹೋದಾಗ ಅತ್ತೆ 'ಹಸಿವಾಗೇತೇನ ನಮ್ಮವ್ವಾ' ಎಂದು ಕೇಳಿದರೆ ಕನ್ನಡ ಕೇಳಿದರೆ ತಿಳಿಯುವ ಇವಳು ತೆಲುಗಿನಲ್ಲಿ ಏನೋ ಅಂದು ಆಡಲು ಓಡಿಬಿಟ್ಟಳು. ಅತ್ತೆ ಕೈಯಲ್ಲಿ ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದರು. ನೀವು 'ಮನ್ಯಾಗ ಮಾತಾಡಿದ್ರ ತಾನ ಬರ್ತೈತಿ ಬಿಡು' ಎಂದಿರಿ. ನನಗೆ ಮಾತ್ರ ಆ ತಟ್ಟೆ ಕಣ್ಣಿಂದ ಹೋಗಲಿಲ್ಲ. ನಮ್ಮ ಹಾಗೆ ವರ್ಗವಾಗಿ ಬಂದು ಇಲ್ಲಿ ನಿಂತ ಕನ್ನಡದ ಮನೆಗಳು ಎಷ್ಟಿಲ್ಲ, ನೇವಿಯವರದು, ಬ್ಯಾಂಕಿನವರದು. ಅವರ ಮಕ್ಕಳಿಗೂ ಇದೇ ಕಥೆ. ಫೋನಿನಲ್ಲೇ ಸಂಜೆ ಕ್ಲಾಸು ನಡೆಸುತ್ತೇನೆ ಎಂದೆ. ದೀಪಾವಳಿಯೊಳಗೆ ಹತ್ತು ಮಕ್ಕಳು ಸೇರಿದರೆ ಸರಿ, ಇಲ್ಲದಿದ್ದರೆ ನೀವು ಹೋಗಿ ಮಾತಾಡಿ ಬಂದ ಸ್ಕೂಲಿನ ಕೆಲಸಕ್ಕೆ ಸೇರುತ್ತೇನೆ ಎಂದು ನಾನೇ ಮಾತು ಕೊಟ್ಟೆ. ಆಗ ದೀಪಾವಳಿ ಬಹಳ ದೂರ ಇದೆ ಅನ್ನಿಸಿತ್ತು.

ನೀವು ಹೊರಟ ಮೇಲೆ ಹಾರಿಕಾ ಎಂಬವಳ ನಂಬರನ್ನು ವಿಜಯವಾಡದಿಂದ ನಿಮ್ಮ ಮೃಣಾಲಿನಿ ಅಕ್ಕ ಕೊಟ್ಟರು. ಅಕ್ಕ ಕೆಲಸ ಮಾಡುವ ಬ್ಯಾಂಕಿಗೆ ಬಂದುಹೋಗುವ ಹುಡುಗಿ, ಅಲ್ಲಿನ ಸೀರೆ ಅಂಗಡಿಗಳಿಗೆ ಫೇಸ್‌ಬುಕ್ಕಿನಲ್ಲಿ ಜಾಹೀರಾತು ಮಾಡಿಕೊಡುವುದು ಅವಳ ಕೆಲಸ. ತೆಲುಗಿನವಳು, ಇಂಗ್ಲಿಷಿನಲ್ಲಿ ಚುರುಕು, ನನ್ನನ್ನು ಮೊದಲ ದಿನದಿಂದಲೇ ಅಕ್ಕಾ ಎಂದಳು. ವಿಶಾಖಪಟ್ಟಣ, ವಿಜಯವಾಡ ಎರಡೂ ಕಡೆ ಕಾಣುವ ಹಾಗೆ ಜಾಹೀರಾತು ಕೂರಿಸಿದಳು. ಗಗನಾ ಹಲಗೆ ಹಿಡಿದುಕೊಂಡಿರುವ ಫೋಟೋ, ಮೇಲೆ ನಾನು ಬರೆದ ಸಾಲು: 'ಅಜ್ಜಿಯ ಮಾತು ಮೊಮ್ಮಕ್ಕಳಿಗೆ ತಿಳಿಯಲಿ.' ಅದರ ಕೆಳಗೆ ಅದೇ ಮಾತನ್ನು ತೆಲುಗಿನಲ್ಲೂ ಹಾಕಿದಳು. ಕನ್ನಡ ಕ್ಲಾಸಿಗೆ ತೆಲುಗು ಯಾಕಮ್ಮ ಎಂದು ನಾನು ಜಗಳಕ್ಕೇ ಹೋದೆ. ಇಲ್ಲೇ ಓದಿದ ಅಪ್ಪ ಅಮ್ಮಂದಿರಿಗೆ ತೆಲುಗೇ ಬೇಗ ಕಣ್ಣಿಗೆ ಬೀಳುತ್ತದೆ, ಇರಲಿ ಅಕ್ಕಾ ಎಂದಳು. ಕೊನೆಗೆ ಹೇಳಿದ್ದು ಒಂದೇ ಮಾತು: 'ಓಪಿಕ ಪಟ್ಟಂಡಿ ಅಕ್ಕಾ.' ತಾಳ್ಮೆ ಇಟ್ಟುಕೊಳ್ಳಿ ಅಂತ. ಸೀರೆಯಾದರೆ ಬಣ್ಣ ನೋಡಿ ಅವತ್ತೇ ಕೊಳ್ಳುತ್ತಾರೆ, ಮಗುವನ್ನು ಒಬ್ಬರ ಕೈಗೆ ಒಪ್ಪಿಸುವವರು ಹತ್ತು ಸಲ ನೋಡಿ, ಮರೆತು, ಮತ್ತೆ ನೋಡಿ ಆಮೇಲೆ ಕೇಳುತ್ತಾರೆ ಎಂದಳು. ಆಗಲಿ ಎಂದು ದೊಡ್ಡದಾಗಿ ತಲೆ ಆಡಿಸಿದೆ.

ನನಗೆ ತಾಳ್ಮೆ ಎಷ್ಟೆಂದು ನಿಮಗೆ ಗೊತ್ತಲ್ಲ. ಹಾಲು ಕಾಯುವ ಮುಂಚೆ ಮೂರು ಸಲ ಇಣುಕುವವಳು ನಾನು. ರೊಟ್ಟಿ ತಟ್ಟುತ್ತಾ ಹಿಟ್ಟಿನ ಕೈಯಲ್ಲೇ ಫೋನು ಒತ್ತಿ ನೋಡುತ್ತಿದ್ದೆ. ಎಷ್ಟು ಜನ ಕಂಡರು, ಎಷ್ಟು ಜನ ಒತ್ತಿದರು, ಎಲ್ಲ ಅದರಲ್ಲಿ ಬರುತ್ತದೆ. ನೋಡಿದವರು ಜಾತ್ರೆಯಷ್ಟು ಜನ, ಕೇಳಿದವರು ಯಾರೂ ಇಲ್ಲ. ಯಾರೋ ಒಬ್ಬ 'ಹಾಯ್' ಎಂದು ಬರೆದ. ನಾನು ಸಂಭ್ರಮದಿಂದ 'ನಮಸ್ಕಾರ, ನಿಮ್ಮ ಮಗುವಿನ ವಯಸ್ಸೆಷ್ಟು' ಎಂದರೆ, ಮದುವೆಯೇ ಆಗಿಲ್ಲ ಎಂದ. ಇನ್ನೊಬ್ಬಾಕೆ ಫೀಸು ಎಷ್ಟೆಂದು ಕೇಳಿದಳು. ಹೇಳಿದೆ, ಅವಳು ನೋಡಿದಳು, ಎರಡು ನೀಲಿ ಗೆರೆಯೂ ಬಂತು. ಅಷ್ಟೇ. ಆ ಎರಡು ಗೆರೆಯನ್ನು ನಾನು ಇಡೀ ದಿನ ನೋಡಿದ್ದೇನೆ. ತರಕಾರಿಯವನ ಹತ್ತಿರ ನಿಂತಾಗ, ಗಗನಾಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವಾಗ ಕಿಸೆಯಲ್ಲಿ ಫೋನು ಕಂಪಿಸಿದ ಹಾಗೆ ಅನ್ನಿಸುತ್ತಿತ್ತು. ತೆಗೆದರೆ ಏನೂ ಇರುತ್ತಿರಲಿಲ್ಲ. ಗಗನಾ ಒಂದು ದಿನ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮಾತಾಡಿದಳು. ಅವಳಿಗಾಗಿ ಶುರು ಮಾಡಿದ ಕೆಲಸದಲ್ಲಿ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದೆ.

ಸುಮ್ಮನೆ ಕಾಯುವುದಾಗದೆ ಜಾಹೀರಾತನ್ನು ತಿದ್ದಲು ಶುರು ಮಾಡಿದೆ. ಇವತ್ತು ಫೋಟೋ ಬದಲು, ನಾಳೆ ಸಾಲು ಬದಲು, ನಾಡಿದ್ದು ವಯಸ್ಸು ಬದಲು. ಒಮ್ಮೆ ಇದ್ದಕ್ಕಿದ್ದಂತೆ ನಿಲ್ಲಿಸಿದೆ, ಸಂಜೆಗೆ ಹೆದರಿ ಮತ್ತೆ ಹಾಕಿದೆ. ಹಾರಿಕಾಗೆ ಅದೆಲ್ಲ ಅವಳ ಕಂಪ್ಯೂಟರಿನಲ್ಲಿ ಕಾಣುತ್ತದಂತೆ. ಫೋನು ಮಾಡಿದಳು. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಯಾರಿಗೆ ತೋರಿಸಿದರೆ ಉಪಯೋಗ ಎನ್ನುವುದನ್ನು ಫೇಸ್‌ಬುಕ್ಕು ನಿಧಾನವಾಗಿ ತಾನೇ ಕಲಿಯುತ್ತದಂತೆ, ನಾವು ಕೈ ಹಾಕಿದಾಗೆಲ್ಲ ಕಲಿತದ್ದು ಬಿಟ್ಟು ಮೊದಲಿಂದ ಶುರು ಮಾಡುತ್ತದಂತೆ. 'ನಿಮ್ಮ ಕಾಲನಿಗೆ ದಿನಾ ಹೊಸ ಪೋಸ್ಟ್‌ಮ್ಯಾನ್ ಬಂದರೆ ಯಾವ ಮನೆ ಯಾರದು ಅಂತ ಅವನಿಗೆ ಯಾವಾಗ ಗೊತ್ತಾಗಬೇಕು ಅಕ್ಕಾ?' ಎಂದಳು. ಮೊದಲು ಮಾಡಿದ ಜಾಹೀರಾತನ್ನೇ, ಆ ತೆಲುಗು ಸಾಲಿನ ಸಮೇತ, ಮತ್ತೆ ಹಾಕಿದಳು. ತಾನು ಹೇಳುವ ತನಕ ಮುಟ್ಟುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಅವರೂರಿನ ಕನಕದುರ್ಗಮ್ಮನ ಮೇಲೆ ಆಣೆ. ಬೇರೆ ಯಾರ ಮೇಲೆ ಮಾಡಿದ್ದರೂ ಮುರಿಯುತ್ತಿದ್ದೆ.

ಅದೇ ಹೊತ್ತಿಗೆ ಇನ್ನೊಬ್ಬ ಗಂಟುಬಿದ್ದ. ಯಾವುದೋ ಊರಿನ ಯಾವುದೋ ಏಜೆನ್ಸಿಯವನು. ಕಾಯುವ ಕೆಲಸವೇ ಇಲ್ಲ ಮೇಡಂ, ಒಂದೇ ವಾರದಲ್ಲಿ ನಿಮ್ಮ ಪೇಜಿನ ತುಂಬ ಜನ, ತುಂಬ ಒಳ್ಳೆಯ ಮಾತು ಬರುತ್ತದೆ, ಅದನ್ನು ನೋಡಿ ನಿಜವಾದವರು ತಾವಾಗಿ ಬರುತ್ತಾರೆ ಎಂದ. ನಿಮಗೆ ಸುಳ್ಳು ಹೇಳಲಾರೆ, ನನಗೆ ಆಸೆಯಾಯಿತು. ನಂಬರು ಇಟ್ಟುಕೊಂಡೆ. ನಾನೇ ಎರಡನೆಯ ಸಲ ಅವನಿಗೆ ಫೋನು ಮಾಡಿದೆ. ಹೇಗಿರುತ್ತದೆ ತೋರಿಸಿ ಎಂದದ್ದಕ್ಕೆ ಮಾದರಿ ಕಳಿಸಿದ. ಧಾರವಾಡದ ತಾಯಿಯೊಬ್ಬಳು ಬರೆದ ಹಾಗೆ: 'ಬಿಂದು ಮೇಡಂ ಅವರಿಂದ ನನ್ನ ಮಗ ಈಗ ಕನ್ನಡವನ್ನು ರುಚಿಯಾಗಿ ತಿನ್ನುತ್ತಾನೆ.' ಬಿದ್ದು ಬಿದ್ದು ನಕ್ಕೆ. ಎದುರು ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ನಗು ನಿಂತ ಮೇಲೆ ಅದನ್ನು ಇನ್ನೊಮ್ಮೆ ಓದಿದೆ. ಆ ಧಾರವಾಡದ ತಾಯಿಯನ್ನು ನಂಬಿ ನಿಜವಾದ ಒಬ್ಬ ತಾಯಿ ಮಗುವನ್ನು ಕಳಿಸಿದ್ದರೆ ಅವಳೆದುರು ಯಾವ ಮುಖ ಇಟ್ಟುಕೊಂಡು ಕೂರಬೇಕಿತ್ತು? ಬೇಡವೆಂದು ಬರೆದು ನಂಬರು ಅಳಿಸಿದೆ.

ದೀಪಾವಳಿ ಬಂತು, ಹೋಯಿತು. ನಮ್ಮದೇ ಕಾಲನಿಯ ಇಬ್ಬರು ಮಕ್ಕಳು ನನ್ನ ಮುಖ ನೋಡಿ ಕೆಲವು ದಿನ ಬಂದರು, ಪರೀಕ್ಷೆ ಎಂದು ನಿಂತರು. ಹಬ್ಬದ ಮರುದಿನವೇ ದುರ್ಗಾಭವಾನಿ ಮೇಡಂ ಫೋನು ಮಾಡಿದರು. ಆ ಸ್ಕೂಲಿನ ಪ್ರಿನ್ಸಿಪಾಲರ ದನಿ ನಿಮಗೆ ನೆನಪಿರಬೇಕು, ಎಷ್ಟು ಮೃದು. 'ನಿಮ್ಮ ಮನೆಯವರ ಮಾತಿಗೆ ಬೆಲೆ ಕೊಟ್ಟು ಆ ಜಾಗ ಇನ್ನೂ ಹಾಗೇ ಇಟ್ಟಿದ್ದೇನಮ್ಮಾ, ಬಿಂದುಗಾರೂ. ಇನ್ನು ಬಹಳ ದಿನ ಇಡಲಾರೆ' ಎಂದರು. ಸ್ವಲ್ಪ ಸಮಯ ಕೊಡಿ ಎಂದೆ. ಸಮಯ ಕೇಳಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. ಫೋನು ಇಟ್ಟ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತುಬಿಟ್ಟೆ. ನೀವು ಹಡಗಿನಲ್ಲಿದ್ದೀರಿ, ಒಂದು ಮಾತು ಕೇಳೋಣವೆಂದರೆ ಸಿಗುವುದಿಲ್ಲ. ಹಾರಿಕಾಗೆ ಫೋನು ಮಾಡಿ ಜಾಹೀರಾತು ತೆಗೆದುಬಿಡು ಎಂದೆ. ಅವಳು, 'ಕಾರ್ತಿಕ ಮುಗಿಯುವ ತನಕ ನನಗೆ ಕೊಡಿ ಅಕ್ಕಾ, ಆಮೇಲೆ ನಾನೇ ತೆಗೆಯುತ್ತೇನೆ' ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮೆಸೇಜು ಬಂತು, ತೆಲುಗಿನಲ್ಲಿ. ವಯಸ್ಸಾದವರಿಗೂ ಹೇಳಿಕೊಡುತ್ತೀರಾ ಎಂದು. ಯಾರೋ ತಮಾಷೆಗೆ ಎಂದುಕೊಂಡು 'ಇದು ಮಕ್ಕಳ ಕ್ಲಾಸು' ಎಂದಷ್ಟೇ ಉತ್ತರ ಕೊಟ್ಟೆ. ಬೆಳಗ್ಗೆ ನೋಡಿದರೆ ಒಂದು ಧ್ವನಿ ಸಂದೇಶ. ಹಿಂದೆ ಕುಕ್ಕರ್ ಕೂಗುತ್ತಿದೆ, ಮುಂದೆ ಒಂದು ಮುದಿ ದನಿ: 'ಅಮ್ಮಾ, ನಾಕು ನೇರ್ಪುತಾರಾ? ನಾ ಮನವರಾಲು ಕನ್ನಡಂಲೋ ಮಾಟ್ಲಾಡುತುಂದಿ.' ನನಗೆ ಕಲಿಸುತ್ತೀರಾ, ನನ್ನ ಮೊಮ್ಮಗಳು ಕನ್ನಡದಲ್ಲಿ ಮಾತಾಡುತ್ತಾಳೆ ಅಂತ. ಕೂಡಲೇ ಫೋನು ಮಾಡಿದೆ.

ಹೆಸರು ಕೋಟೇಶ್ವರಮ್ಮ. ಇರುವುದು ವಿಜಯವಾಡದ ಭವಾನಿಪುರಂನಲ್ಲಿ, ಮೃಣಾಲಿನಿ ಅಕ್ಕನ ಮನೆಯಿಂದ ನಡೆದು ಹೋಗುವಷ್ಟು ದೂರ. ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಎರಡು ವರ್ಷದ ಕೆಳಗೆ ರಸ್ತೆಯಲ್ಲಿ ಅಪಘಾತವಾಗಿ ಹೋಗಿಬಿಟ್ಟ. ಸೊಸೆ ಮಗುವಿನೊಂದಿಗೆ ಹುಬ್ಬಳ್ಳಿಯಲ್ಲೇ ತವರಿನಲ್ಲಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಮಗುವಿಗೆ ಈಗ ನಾಲ್ಕು ತುಂಬಿದೆ. ಈಕೆ ಅದನ್ನು ಅಮ್ಮಲು ಅನ್ನುತ್ತಾರೆ, ಅದು ಈಕೆಯನ್ನು ನಾನಮ್ಮ ಅನ್ನುತ್ತದೆ. ಅಪ್ಪನ ಅಮ್ಮನಿಗೆ ತೆಲುಗಿನಲ್ಲಿ ಹಾಗನ್ನುತ್ತಾರಲ್ಲ, ಅಪ್ಪ ಕಲಿಸಿ ಹೋದ ಆ ಒಂದು ಮಾತು ಬಿಟ್ಟರೆ ಮಗುವಿಗೆ ತೆಲುಗು ಗೊತ್ತಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಅದು ಏನೇನೋ ಹೇಳುತ್ತದೆ, ಈಕೆ ಆ ಆ ಎನ್ನುತ್ತಾರೆ. ಸೊಸೆ ನಡುವೆ ನಿಂತು ಅಷ್ಟಿಷ್ಟು ತಿಳಿಸುತ್ತಾಳೆ. 'ಸೊಸೆ ಇನ್ನೂ ಚಿಕ್ಕವಳು ತಲ್ಲೀ' ಎಂದರು ಕೋಟೇಶ್ವರಮ್ಮ. 'ಇನ್ನೊಂದು ಮದುವೆ ಆಗಲಿ ಅಂತ ನಾನೇ ಹೇಳಿದ್ದೇನೆ. ನಾಳೆ ಆದರೆ, ನಮ್ಮಿಬ್ಬರ ನಡುವೆ ನಿಂತು ಮಾತು ದಾಟಿಸುವವರು ಯಾರು?' ಫೋನಿನಲ್ಲಿ ದೇವರ ಭಜನೆ ಕೇಳುತ್ತಿದ್ದರಂತೆ, ನಡುವೆ ನಮ್ಮ ಗಗನಾಳ ಫೋಟೋ ಬಂತಂತೆ, ಕೆಳಗೆ ತೆಲುಗಿನಲ್ಲಿ 'ಅಜ್ಜಿಯ ಮಾತು' ಎಂದಿತ್ತಂತೆ. ಮೊದಲ ಸಲ ನೋಡಿ ಸುಮ್ಮನಾದರಂತೆ. ಆಮೇಲೆ ಅದು ದಿನಾ ಬಂತಂತೆ. ದಿನಾ ಬರುವುದು ಕಂಡು, ಕೇಳಿಯೇ ನೋಡೋಣ ಎಂದು ಧೈರ್ಯ ಮಾಡಿದರಂತೆ.

ಸಂಜೆ ಐದಕ್ಕೆ ಕ್ಲಾಸು. ಅಕ್ಷರ ಬೇಡ, ಮಾತು ಕೊಡು ಎಂದರು. ಫೋನನ್ನು ಮುಖಕ್ಕೆ ಅಷ್ಟು ಹತ್ತಿರ ಹಿಡಿಯುತ್ತಾರೆ, ನನಗೆ ಹಣೆಯ ಬೊಟ್ಟು ಮತ್ತು ಒಂದು ಕಣ್ಣು ಮಾತ್ರ ಕಾಣುತ್ತದೆ. 'ಊಟ ಮಾಡಿದಿ?' ಎನ್ನುವುದನ್ನು ಎರಡು ದಿನ ಹೇಳಿ ಹೇಳಿ ಕಲಿತರು. ಹುಬ್ಬಳ್ಳಿಯ ಮಗುವಿಗೆ ಪುಸ್ತಕದ ಕನ್ನಡ ಯಾಕೆ ಎಂದು ನಮ್ಮೂರ ಮಾತನ್ನೇ ಹೇಳಿಕೊಟ್ಟೆ. ನನಗೆ ತಿಳಿಯದ ತೆಲುಗು ಬಂದಾಗ ಗಗನಾಳನ್ನು ಕರೆಯುತ್ತಿದ್ದೆ. ಅವಳಿಗೆ ಏನು ಜಂಬ ಅಂತೀರಿ! ಆಮೇಲೆ ಕರೆಯದಿದ್ದರೂ ಬಂದು ಪಕ್ಕದಲ್ಲಿ ಕೂರತೊಡಗಿದಳು.

ಒಂದು ಸಂಜೆ ಕೋಟೇಶ್ವರಮ್ಮ, 'ಇನ್ನೂ ಸ್ವಲ್ಪ ಮಾತಾಡು ಅನ್ನುವುದಕ್ಕೆ ಏನನ್ನಬೇಕು?' ಎಂದು ಕೇಳಿದರು. ಹೇಳಿಕೊಟ್ಟು, ಯಾಕೆಂದು ಕೇಳಿದೆ. ಮೊಮ್ಮಗಳಿಗೆ ನನ್ನ ಜೊತೆ ಬೇಸರ, ಸೊಸೆ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಫೋನು ಇಡು ಎನ್ನುತ್ತಾಳೆ, ಅಷ್ಟು ಮಾತು ನನಗೆ ತಿಳಿಯುತ್ತದೆ, ನಾನೂ ಪಾಪ ಮಗುವನ್ನು ಯಾಕೆ ಕಾಡುವುದೆಂದು ಇಟ್ಟುಬಿಡುತ್ತೇನೆ ಎಂದರು. ಮಗು ಏನನ್ನುತ್ತದೆ, ಅದೇ ಮಾತು ಹೇಳಿ ಎಂದೆ. ಆಕೆ ಮಗುವಿನ ರಾಗದಲ್ಲೇ ಹೇಳಿದರು: 'ಫೋನ್ ಇಡಬ್ಯಾಡ ನಾನಮ್ಮಾ.'

ಆಕೆಗೆ ಇದನ್ನು ಹೇಗೆ ಹೇಳಲಿ? ಪಕ್ಕದಲ್ಲಿದ್ದ ಗಗನಾ ಮಾತ್ರ ತಟ್ಟನೆ ತೆಲುಗಿನಲ್ಲಿ ಹೇಳಿಬಿಟ್ಟಳು, ಇಡು ಅಂತ ಅಲ್ಲ ಅಮ್ಮಮ್ಮಾ, ಇಡಬೇಡ ಅಂತ. ಪರದೆಯ ಮೇಲೆ ಆ ಒಂದು ಕಣ್ಣು ಹಾಗೇ ನಿಂತಿತು. ಆಮೇಲೆ ಫೋನು ಮಡಿಲಿಗೆ ಬಿತ್ತೋ ಏನೋ, ನಮಗೆ ಮನೆಯ ಸೂರು ಕಂಡಿತು, ತಿರುಗುವ ಫ್ಯಾನು ಕಂಡಿತು. ಆಕೆಯ ದನಿ ಮಾತ್ರ ಕೇಳುತ್ತಿತ್ತು. ಎರಡು ವರ್ಷ ತಲ್ಲೀ, ಎರಡು ವರ್ಷದಿಂದ ಅದು ಇಡಬೇಡ ಅನ್ನುತ್ತಿದೆ, ನಾನು ಇಡುತ್ತಿದ್ದೇನೆ. ನಾನೂ ಅತ್ತುಬಿಟ್ಟೆ. ಗಗನಾ ನಮ್ಮಿಬ್ಬರನ್ನೂ ನೋಡಿ, ತಾನೇನೋ ತಪ್ಪು ಹೇಳಿದೆ ಎಂದು ಹೆದರಿದಳು. ತಪ್ಪಲ್ಲ ಕೂಸೇ ಎಂದು ತೊಡೆಯ ಮೇಲೆ ಎಳೆದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕೋಟೇಶ್ವರಮ್ಮ ಫೋನು ಎತ್ತಿಕೊಂಡು, 'ಇಡುವುದಿಲ್ಲ ಅನ್ನುವುದಕ್ಕೆ ಏನನ್ನಬೇಕು?' ಎಂದರು. ಇಡಂಗಿಲ್ಲ ಎಂದು ಹೇಳಿಕೊಟ್ಟೆ. ಅವತ್ತು ಅದೊಂದೇ ಪಾಠ.

ಮರುವಾರ ನಾನೂ ಗಗನಾಳೂ ವಿಜಯವಾಡಕ್ಕೆ ಹೋಗಿ ಬಂದೆವು. ಕಾರ್ತಿಕದ ದೀಪಕ್ಕೆ ಬನ್ನಿ ಎಂದು ಮೃಣಾಲಿನಿ ಅಕ್ಕ ಕರೆಯುತ್ತಲೇ ಇದ್ದರು. ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿದೆವು. ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿ ದಾಟುವಾಗ ಗಗನಾ ಕಿಟಕಿಯ ಹೊರಗೆ ಮುಖ ಮಾಡಿ ಬೆಲ್ಲದ ವಾಸನೆ ಬರುತ್ತಿದೆ ಎಂದು ಹಟ ಹಿಡಿದಳು. ನನಗೇನೂ ಬರಲಿಲ್ಲ, ನಾನು ಫೋನು ನೋಡುತ್ತಿದ್ದೆ. ಭಾನುವಾರ ಬೆಳಗ್ಗೆ ಕೋಟೇಶ್ವರಮ್ಮನ ಮನೆಗೆ ಹೋದೆವು. ಪರದೆಯಲ್ಲಿ ಒಂದು ಕಣ್ಣಷ್ಟೇ ಕಂಡವರು ಎದುರು ನಿಂತಾಗ ಎಷ್ಟು ಚಿಕ್ಕ ಆಳು ಅನ್ನಿಸಿತು! ನನ್ನ ಹೆಗಲಿಗೆ ಬರುತ್ತಾರೆ. ಪುಲಿಹೋರ, ಅದೇ ನಮ್ಮ ಪುಳಿಯೋಗರೆ, ಮಾಡಿಟ್ಟಿದ್ದರು, ನಾವು ತಿಂದರೂ ತಾವು ತಿನ್ನಲಿಲ್ಲ. ಮಗುವಿಗೆ ಫೋನು ಮಾಡುವ ದಿನ ಅದು. ನೀನೇ ಒತ್ತು ಎಂದು ಗಗನಾಳ ಕೈಗೆ ಕೊಟ್ಟರು.

ಮಗು ಬಂತು. ಗುಂಗುರು ಕೂದಲು, ಕೈಯಲ್ಲೊಂದು ಬಿಸ್ಕತ್ತು. ಕೋಟೇಶ್ವರಮ್ಮ 'ಊಟ ಮಾಡಿದಿ ಅಮ್ಮಲು?' ಎಂದರು. ಮಗು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿತು. ಪರದೆಯ ಹತ್ತಿರ ಹತ್ತಿರ ಬಂತು. ಆಮೇಲೆ ಕೇಳಿತು, 'ನಾನಮ್ಮಾ, ನಿನಗ ಮಾತು ಬಂತೇನು?' ಇಷ್ಟು ದಿನ ಅಜ್ಜಿಗೆ ಮಾತೇ ಬರುವುದಿಲ್ಲ ಎಂದುಕೊಂಡಿತ್ತು ಅದು! ಕೋಟೇಶ್ವರಮ್ಮ ನನ್ನ ಕಡೆ ನೋಡಿದರು. ನಾನು ಹೇಳಿಕೊಡುವ ಮೊದಲೇ ಗಗನಾ ಪಿಸುಗುಟ್ಟಿದಳು, 'ಬಂತು ಅನ್ರಿ.' 'ಬಂತು, ಬಂತು' ಎಂದರು ಆಕೆ. ಮಗು ಏನೇನು ಹೇಳಿತೋ, ಬೆಕ್ಕು, ಜಾರುಬಂಡಿ, ಮಿಸ್ಸು. ಅರ್ಧಕ್ಕರ್ಧ ಅವರಿಗೆ ತಿಳಿಯಲಿಲ್ಲ, ಗಗನಾ ಕಿವಿಯಲ್ಲಿ ಹೇಳುತ್ತಾ ಹೋದಳು. ಕೊನೆಗೆ ಅದೇ ಮಾತು ಬಂತು, ಫೋನ್ ಇಡಬ್ಯಾಡ ಎಂದು. ಕೋಟೇಶ್ವರಮ್ಮ ಎರಡು ಕೈಯಲ್ಲೂ ಫೋನು ಹಿಡಿದುಕೊಂಡು 'ಇಡಂಗಿಲ್ಲ ಅಮ್ಮಲು, ಇಡಂಗಿಲ್ಲ' ಎಂದರು. ಮಗುವಿನ ಹಿಂದೆ ಸೊಸೆ ಬಂದು ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಬ್ಯಾಟರಿ ಮುಗಿದು ಫೋನು ತಾನಾಗಿ ಆರುವ ತನಕ ಮಾತು ನಡೆಯಿತು.

ಇದನ್ನೆಲ್ಲ ಓದಿ, ಸರಿ, ಕ್ಲಾಸು ಗೆದ್ದಿತು ಎಂದು ನೀವು ತಿಳಿಯಬಾರದು. ಗೆದ್ದಿಲ್ಲ. ಮರಳಿ ಬರುವ ಗಾಡಿಯಲ್ಲಿ ದುವ್ವಾಡ ಬಂದಾಗ, ಊರು ಬಂತು ಇಳಿಯಬೇಕು ಎಂದು ಚೀಲ ಜೋಡಿಸುತ್ತಾ ಫೋನು ತೆಗೆದೆ. ಏನೂ ಇರಲಿಲ್ಲ. ಮತ್ತೆ ಮತ್ತೆ ಒತ್ತಿ ನೋಡಿದೆ. ಈ ವಾರ ಇನ್ನೊಬ್ಬಳು ಕೇಳಿದ್ದಾಳೆ, ತೆಲುಗು ಹುಡುಗಿ, ಮದುವೆಯಾಗಿ ದಾವಣಗೆರೆಗೆ ಹೋಗುವವಳು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ, ಇನ್ನೂ ಹೇಳಿಲ್ಲ. ಹಾರಿಕಾ, ಇಷ್ಟು ದಿನ ನಾವು ಮಕ್ಕಳ ಅಪ್ಪ ಅಮ್ಮಂದಿರನ್ನೇ ಹುಡುಕುತ್ತಿದ್ದೆವು, ಕನ್ನಡ ಬೇಕಾದವರು ಬೇರೆಯೇ ಇದ್ದಾರೇನೋ, ನೋಡೋಣ ಅಕ್ಕಾ ಎನ್ನುತ್ತಾಳೆ. ಇನ್ನೂ ಎಷ್ಟು ದಿನ ಎಂದರೆ ಅದೇ ಓಪಿಕ. ಹತ್ತು ಮಕ್ಕಳಿಗೆಂದು ಹಾಕಿದ ಜಾಹೀರಾತಿಗೆ ಸಿಕ್ಕಿದ್ದು ಅರವತ್ತು ದಾಟಿದ ಒಬ್ಬ ವಿದ್ಯಾರ್ಥಿನಿ. ಕೆಲವು ಹೊತ್ತು ಅದು ಬೆಟ್ಟದಷ್ಟು ಅನ್ನಿಸುತ್ತದೆ. ಕೆಲವು ಹೊತ್ತು, ಅನ್ನಕ್ಕೆ ನೀರಿಡುತ್ತಾ, ನಾನೇನು ಮಾಡುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಎರಡೂ ನಿಜ.

ಗಿರೀಶ್ ಅವರ ಮನೆಯಿಂದ ಆಗಲೇ ಎರಡು ಸಲ ಕರೆ ಬಂತು, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಡೆಕ್ಕಿನ ಮೇಲೆ ಗಾಳಿಗೆ ನಿಲ್ಲುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ, ನಗುವವರು ನಗಲಿ. ಅತ್ತೆ ಮಾವನವರು ಆರೋಗ್ಯವಾಗಿದ್ದಾರೆ, ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮೃಣಾಲಿನಿ ಅಕ್ಕ ನಿಮಗೆಂದು ಕೊಟ್ಟ ಅಮ್ಮನವರ ಕುಂಕುಮ ಲಕೋಟೆಯ ಮೂಲೆಯಲ್ಲಿದೆ, ಚೆಲ್ಲದಂತೆ ಬಿಚ್ಚಿ. ಗಗನಾ ಅಪ್ಪಾಜಿಗೆ ಮುತ್ತು ಎನ್ನುತ್ತಿದ್ದಾಳೆ. ಸಮುದ್ರ ನಿಮ್ಮನ್ನು ಸುಖವಾಗಿ ದಡ ಸೇರಿಸಲಿ.

ನಿಮ್ಮ
ಬಿಂದು

ತಾ.ಕ.: ಇಷ್ಟುದ್ದ ಬರೆದೂ ಹೇಳಬೇಕಾದದ್ದನ್ನು ಹೇಳದೆ ಲಕೋಟೆ ಅಂಟಿಸಲು ಹೊರಟಿದ್ದೆ. ಶುಕ್ರವಾರ ದುರ್ಗಾಭವಾನಿ ಮೇಡಂ ಮತ್ತೆ ಫೋನು ಮಾಡಿದರು. ನಾನು ಬರುವುದಿಲ್ಲ ಎಂದುಬಿಟ್ಟೆ. ಆ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡೂ ಆಯಿತಂತೆ. ನಿಮಗೆ ಕೊಟ್ಟ ಮಾತು ಮುರಿದಿದ್ದೇನೆ, ಕೇಳದೆ ಮುರಿದಿದ್ದೇನೆ, ಕೇಳಲು ನೀವು ಸಿಗಲಿಲ್ಲ, ಸಿಕ್ಕಿದ್ದರೆ ಬೇಡ ಅನ್ನುತ್ತಿದ್ದಿರಿ. ಕೋಟೇಶ್ವರಮ್ಮನ ಕ್ಲಾಸು ಸಂಜೆ ಐದಕ್ಕೆ, ಆ ಸ್ಕೂಲಿನವರು ಅಷ್ಟರೊಳಗೆ ಬಿಡುತ್ತಿರಲಿಲ್ಲ. ಬೈಯಿರಿ, ನ್ಯಾಯವಾಗಿಯೇ ಬೈಯುತ್ತೀರಿ. ಮಾಡಿದ್ದು ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ, ಹೆದರಿಕೆಯಂತೂ ಬಹಳ ಇದೆ. ಗಿರೀಶ್ ಬಾಗಿಲಲ್ಲಿ ನಿಂತಿದ್ದಾರೆ. ಇನ್ನೊಮ್ಮೆ ಓದಿದರೆ ಇದಿಷ್ಟನ್ನೂ ಹೊಡೆದುಹಾಕುತ್ತೇನೆ, ಓದದೆ ಅಂಟಿಸುತ್ತಿದ್ದೇನೆ.